ದತ್ತಕಪತ್ರ ಆಫ್ರಿಕಾಕ್ಕೆ ಹೋದ ವರ್ಷ

ನಮ್ಮ ಕಾಕಾ ಜೀವಮಾನದಲ್ಲಿ ಮಾಡಿದ ದೊಡ್ಡ ತಪ್ಪೆಂದರೆ ಕಾಗದವನ್ನು ನಂಬಿದ್ದು. ಮಾಮಲೇದಾರ ಕಚೇರಿಯಲ್ಲಿ ಮೂವತ್ತು ವರ್ಷ ಕಾರಕೂನನಾಗಿದ್ದವನು ಇನ್ನೇನು ಮಾಡಿಯಾನು? ಮನುಷ್ಯ ಎದುರಿಗೆ ನಿಂತು 'ನಾ ಬಂದೇನ್ರಿ' ಎಂದರೆ ಅವನಿಗೆ ಸಾಲದು. 'ಸದರಿ ಇಸಮನು ಹಾಜರಿದ್ದಾನೆ' ಎಂದು ಯಾರಾದರೂ ಬರೆದು ಸಿಕ್ಕಾ ಹೊಡೆದುಕೊಟ್ಟರೆ, ಆ ಇಸಮ ಸತ್ತು ಹೋಗಿದ್ದರೂ ಕಾಕಾನ ಲೆಕ್ಕಕ್ಕೆ ಹಾಜರು.

ಈ ಬರಹದಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆ ವರ್ಷ ಹೆಸರುಗಳ ಬೆನ್ನು ಹತ್ತಿ ನಾನು ಪಟ್ಟ ಪಾಡು ಏಳು ಜನ್ಮಕ್ಕೆ ಸಾಕು.

ನಮ್ಮ ಮನೆ ಹಾನಗಲ್ಲಿನಲ್ಲಿ. ಮುಂಬಯಿ ಸರಕಾರ ಬಿಟ್ಟು ಮೈಸೂರು ರಾಜ್ಯಕ್ಕೆ ನಾವು ಸೇರಿ ಎರಡು ಮೂರು ವರ್ಷ ಕಳೆದಿತ್ತು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಅಪ್ಪ ತೀರಿದ ಮೇಲೆ ಅವ್ವನೂ ನಾನೂ ಅವನ ತಮ್ಮನಾದ ಈ ಕಾಕಾ ಮತ್ತು ಕಾಕುವಿನ ಮನೆಯಲ್ಲೇ ಇದ್ದೆವು. ಇಪ್ಪತ್ತಾರು ತುಂಬಿದರೂ ನನಗೆ ಮದುವೆಯಾಗಿರಲಿಲ್ಲ. ನೋಡಲು ಬಂದ ವರಗಳು ನನಗೆ ಪ್ರಶ್ನೆ ಕೇಳುತ್ತಿದ್ದರು, ನಾನೂ ಅವರಿಗೆ ಕೇಳುತ್ತಿದ್ದೆ. ಎರಡನೆಯದು ಅವರಿಗೆ ಸೇರುತ್ತಿರಲಿಲ್ಲ.

ಕಾಕಾ ನಿವೃತ್ತನಾದ ಮೇಲೆ ಒಂದು ಸಂಘದ ಕಾರ್ಯದರ್ಶಿಯಾಗಿದ್ದ. ನೂರು ವರ್ಷದ ಹಿಂದೆ ಕಂಪನಿ ಸರಕಾರದ ಮೇಲೆ ನಮ್ಮ ಸೀಮೆಯವರು ಕತ್ತಿ ಹಿರಿದು ಎದ್ದಿದ್ದರು. ಆ ದಂಗೆಯಲ್ಲಿ ಕಾದಿದವರ ವಂಶಸ್ಥರೆಲ್ಲ, ಸ್ವಾತಂತ್ರ್ಯ ಬಂದ ಮೇಲೆ, ಸೇರಿ ಕಟ್ಟಿಕೊಂಡ ಸಂಘ ಅದು. ಕಾಕಾನ ಮುತ್ತಜ್ಜ ಆ ದಂಗೆಯಲ್ಲಿ ಸಿಕ್ಕಿಬಿದ್ದು ಗಲ್ಲಿಗೇರಿದವನು. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ಈ ನಾಲ್ಕು ತಾಲೂಕಿನ ಸದಸ್ಯರು ತಿಂಗಳಿಗೊಮ್ಮೆ ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಯ ಕಟ್ಟೆಯ ಮೇಲೆ ಕೂಡುತ್ತಿದ್ದರು. ಗಿರಣಿ ಸದಾ ನಡೆಯುತ್ತಿದ್ದುದರಿಂದ ಒಬ್ಬರ ಭಾಷಣ ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಸಂಘದಲ್ಲಿ ಅಷ್ಟು ವರ್ಷ ಜಗಳವಾಗದಿರಲು ಅದೇ ಕಾರಣವೆಂದು ನನ್ನ ನಂಬಿಕೆ.

ಸಂಘದ ನಿಯಮ ಒಂದೇ: ವೀರನ ವಂಶದ ಗಂಡುಮಕ್ಕಳು ಸದಸ್ಯರು. ಹೆಣ್ಣುಮಕ್ಕಳು ಮದುವೆಯಾಗುವವರೆಗೆ ಮಾತ್ರ. "ಆಮ್ಯಾಲೆ ನೀ ಬ್ಯಾರೆಯವರ ಮನಿಯಾಕಿ ಆಗತೀ ನೋಡು," ಎಂದು ಕಾಕಾ ನನಗೆ ಬಹಳ ಮಮತೆಯಿಂದ ವಿವರಿಸಿದ್ದ. ಮದುವೆ ಮಾಡಿಕೊಂಡರೆ ನನ್ನ ಮೈಯೊಳಗಿನ ವೀರರಕ್ತ ಅಕ್ಷತೆಯ ಜೊತೆಗೇ ಸೋರಿಹೋಗುತ್ತದೇನು ಎಂದು ನಾನು ಕೇಳಿದೆ. ಸಂಘದ ಪತ್ರವ್ಯವಹಾರವೆಲ್ಲ ನನ್ನ ಕೈಬರಹದಲ್ಲೇ ಹೋಗುತ್ತಿದ್ದುದರಿಂದ ಕಾಕಾ ಸಿಟ್ಟಾಗಲಿಲ್ಲ.

ಯಾರು ವಂಶಸ್ಥರು ಎಂಬ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಹೆಳವರು ಇದ್ದರಲ್ಲ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ, ಸುಗ್ಗಿಯ ಹೊತ್ತಿಗೆ ಮನೆ ಬಾಗಿಲಿಗೆ ಬಂದು ನಮ್ಮ ಹಿರಿಯರ ಹೆಸರನ್ನೆಲ್ಲ ಇಂಥವನ ಮಗ ಇಂಥವ, ಅವನ ಮಗ ಇಂಥವ ಎಂದು ಉಸಿರು ಬಿಡದೆ ಹೇಳಿ, ಜೋಳವನ್ನೂ ಹಳೆಯ ಧೋತರವನ್ನೂ ಪಡೆದು ಹೋಗುತ್ತಿದ್ದರು. ಹೆಳವ ಹೇಳಿದ ಮೇಲೆ ಮುಗಿಯಿತು. ಅವನ ಮಾತಿಗೆ ಎದುರು ಹೇಳಿದವರು ನನಗೆ ಗೊತ್ತಿದ್ದಂತೆ ಯಾರೂ ಇರಲಿಲ್ಲ, ಆಫ್ರಿಕಾದಿಂದ ಪತ್ರ ಬರುವವರೆಗೆ.

ನಮ್ಮ ಕಡೆಯ ಕೆಲವು ಮನೆತನದವರು ರೇಲ್ವೆ ಕೆಲಸ, ಶಾಲೆ ಕೆಲಸ ಎಂದು ಹಡಗು ಹತ್ತಿ ಪೂರ್ವ ಆಫ್ರಿಕಾಕ್ಕೆ ಹೋಗಿ ನೆಲೆಸಿದ್ದರು. ಅವರು ಅಲ್ಲಿ ನಮ್ಮ ಸಂಘದ ಪರದೇಶ ಶಾಖೆ ತೆರೆದಿದ್ದೇವೆ ಎಂದು ಬರೆದಾಗ ಕಾಕಾ ಊರಿಗೆಲ್ಲ ಪೇಢೆ ಹಂಚಿದ. ಎರಡನೆಯ ಪತ್ರದಲ್ಲಿ ಸಮಾಚಾರ ತಿಳಿಯಿತು. ಅಲ್ಲಿ ಬಿಳಿ ಹೆಂಗಸರ ಒಂದು ಸಂಘವಿತ್ತಂತೆ. ತಮ್ಮ ದೇಶದ ಸ್ವಾತಂತ್ರ್ಯಕ್ಕೆ ಕಾದಿದವರ ಹೆಣ್ಣುಸಂತಾನ ಅವರು. ದೇಶ ಬಿಟ್ಟು ಬಂದಿದ್ದರೂ ತಿಂಗಳಿಗೊಮ್ಮೆ ಕೂಡಿ, ಚಹಾ ಕುಡಿದು, ಒಬ್ಬರ ವಂಶವೃಕ್ಷವನ್ನು ಇನ್ನೊಬ್ಬರು ತನಿಖೆ ಮಾಡುತ್ತಿದ್ದರಂತೆ. ಸಾಬೀತಾದವರಿಗೆ ಎದೆಗೆ ಪಟ್ಟಿ, ಬಿಲ್ಲೆ. ಇದನ್ನು ನೋಡಿ ನಮ್ಮವರೂ ಒಂದು ವಂಶಾವಳಿ ಸಮಿತಿ ಮಾಡಿ, ಅವರ ಅರ್ಜಿಯ ನಮೂನೆಯನ್ನೇ ಹೆಚ್ಚುಕಡಿಮೆ ಇಳಿಸಿಕೊಂಡಿದ್ದರು.

ಅರ್ಜಿಗಳ ದೊಡ್ಡ ಕಟ್ಟು ಬಂತು, ಎಲ್ಲ ಇಂಗ್ಲಿಷಿನಲ್ಲಿ. ಪ್ರತಿ ತಲೆಮಾರಿನಲ್ಲೂ ಗಂಡ, ಹೆಂಡತಿ, ಹುಟ್ಟು, ಮದುವೆ, ಸಾವು, ಒಂದೊಂದಕ್ಕೂ ಪುರಾವೆ. ಮಗನ ಕಡೆಯಿಂದ ಬಂದರೂ ನಡೆದೀತು, ಮಗಳ ಕಡೆಯಿಂದ ಬಂದರೂ ನಡೆದೀತು, ಆದರೆ ಒಡಲಿನ ಸಂತಾನವಾಗಿರಬೇಕು. ಕೊನೆಗೆ ಒಂದು ಸೂಚನೆ: ತಾಯಿಸಂಘದ ಸದಸ್ಯರೂ ಇದನ್ನು ತುಂಬಿ ಕಳಿಸತಕ್ಕದ್ದು, ಅಲ್ಲಿಯವರೆಗೆ ಅವರ ಹೆಸರನ್ನು ವಂಶಸ್ಥರ ಪುಸ್ತಕದಲ್ಲಿ ಬರೆಯಲಾಗದು.

"ಮಗಳು ಅವ್ವನ್ನ 'ನೀ ಯಾರಕಿ?' ಅಂತ ಕೇಳಿದಂಗಾತು!" ಎಂದು ನಮ್ಮ ಅಧ್ಯಕ್ಷರು ಗುಡುಗಿದರು. ಇವರು ಹಿರೇಕೆರೂರ ಕಡೆಯ ಗೌಡರು, ದೊಡ್ಡ ಮೀಸೆಯವರು. ಆದರೆ ಎದೆಗೆ ಹಚ್ಚಿಕೊಳ್ಳುವ ಬಿಲ್ಲೆಯ ಚಿತ್ರವನ್ನು ಎರಡು ಸಲ ತಿರುಗಿಸಿ ನೋಡಿ, "ಆಗಲಿ, ತುಂಬೋಣ," ಎಂದರು.

ಮೊದಲು ಪಾಸಾದವರು ಸವಣೂರಿನ ಒಬ್ಬ ವೀಳ್ಯದೆಲೆ ವ್ಯಾಪಾರಿ ಸಾಹೇಬರು. ಅವರ ಹಿರಿಯ ಆ ದಂಗೆಯಲ್ಲಿ ತೋಪು ಹಾರಿಸಿದವನು. ಅವರ ಮನೆಯಲ್ಲಿ ಅಜ್ಜನ ಕಾಲದಿಂದ ಬರೆದಿಟ್ಟ ವಂಶದ ಪಟ್ಟಿ ಇತ್ತು, ಬಟ್ಟೆಗೆ ಅಂಟಿಸಿ ಸುರುಳಿ ಸುತ್ತಿ ಇಟ್ಟಿದ್ದರು. ಉಳಿದವರು ಹೆಳವನನ್ನು ಕರೆಸಿದರು. ಕಾಕಾ ಅವನನ್ನು ಪಡಸಾಲೆಯಲ್ಲಿ ಕೂರಿಸಿ ಹೇಳಿಸಿದ, ನಾನು ಬರೆದುಕೊಂಡೆ, ಅದು ಆಫ್ರಿಕಾಕ್ಕೆ ಹೋಯಿತು. ಉತ್ತರ ಬರೆದವಳು ಸಮಿತಿಯ ಕಾರ್ಯದರ್ಶಿ. ಹಿರೇಕೆರೂರ ತಾಲೂಕಿನ ಮನೆಮಗಳು, ಮದುವೆಯಾಗಿ ಅಲ್ಲಿಗೆ ಹೋದವಳು. ಟೈಪು ಮಾಡಿದ ಪತ್ರದಲ್ಲಿ ಹೀಗಿತ್ತು: 'ತಾವು ಕಳಿಸಿದ ವಂಶಾವಳಿಯಲ್ಲಿ ನೂರೈವತ್ತು ವರ್ಷ ಒಬ್ಬ ಹೆಣ್ಣುಮಗಳೂ ಕಾಣುವುದಿಲ್ಲ. ತಮ್ಮ ಮನೆತನದಲ್ಲಿ ಗಂಡಸರೇ ಹಡೆಯುತ್ತಿದ್ದರೆ ದಯವಿಟ್ಟು ಹಾಗೆಂದು ತಿಳಿಸಬೇಕು.' ನಾನು ಅಡಿಗೆಮನೆಗೆ ಓಡಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಆ ಹೆಣ್ಣುಮಗಳನ್ನು ಕಾಣದೆಯೇ ನಾನು ಮೆಚ್ಚಿಕೊಂಡೆ.

ಹೆಂಗಸರ ಹೆಸರು ಹುಡುಕುವುದೆಂದರೆ ಬಾವಿಗೆ ಬಿದ್ದ ಸೂಜಿ ಹುಡುಕಿದ ಹಾಗೆ. ಸತ್ತವರ ಹೆಸರು ಯಾರಿಗೂ ಗೊತ್ತಿಲ್ಲ. ಬದುಕಿದ್ದವರು ಗಂಡನ ಹೆಸರು ಹೇಳುವುದಿಲ್ಲ. ಮೇಲಾಗಿ ನಮ್ಮಲ್ಲಿ ಮದುವೆಯ ದಿನ ಹುಡುಗಿಯ ಹೆಸರು ಬದಲಾಗುತ್ತದೆ. ಕಾಕಾ ಅರ್ಧಂಬರ್ಧ ನೆನಪಿನಿಂದ ತವರಿನದು, ಗಂಡನ ಮನೆಯದು ಎರಡೂ ಹೆಸರು ಬರೆಸಿದ. ಆಫ್ರಿಕಾದಿಂದ ಬಂತು ಪ್ರಶ್ನೆ: 'ತಮ್ಮ ಮುತ್ತಜ್ಜನಿಗೆ ಇಬ್ಬರು, ಅಜ್ಜನಿಗೆ ಇಬ್ಬರು ಹೆಂಡಿರಿದ್ದಂತೆ ತೋರುತ್ತದೆ. ತಾವು ಯಾವ ಹೆಂಡತಿಯ ಸಂತತಿ?' ಕಾಕು ಇದನ್ನು ಕೇಳಿ, "ನಮ್ಮ ಮನ್ಯಾಗ ಒಬ್ಬಾಕಿನ್ನ ಸಾಕೂದ ಕಷ್ಟ ಇತ್ತು," ಎಂದಳು.

ಆಗ ಕಾಕಾನಿಗೆ ಹಠ ಹುಟ್ಟಿತು. ಆಫ್ರಿಕಾದವರಿಗೆ ಕಾಗದ ಬೇಕೋ? ಕಾಗದವನ್ನೇ ಕೊಡುತ್ತೇನೆ ಎಂದು ಅಟ್ಟದ ಮೇಲಿನ ಸಂದೂಕು ಇಳಿಸಿದ. ಅದರ ತಳದಲ್ಲಿ, ರೇಶ್ಮೆ ಬಟ್ಟೆಯಲ್ಲಿ ಸುತ್ತಿ ಇಟ್ಟ ಒಂದು ದಸ್ತಾವೇಜು ಇತ್ತು. ನಾಲ್ಕು ಜನ ಪಂಚರ ಸಹಿ, ಎರಡು ಸಿಕ್ಕಾ, ಹಳೆಯ ಮರಾಠಿ ಮೋಡಿ ಲಿಪಿಯ ಷರಾ. ನಮ್ಮ ಮನೆಯಲ್ಲಿದ್ದ ಅತಿ ದೊಡ್ಡ, ಅತಿ ಸುಂದರ ಕಾಗದ ಅದು. ಕಾಕಾನ ಅಜ್ಜ ಬರೆಸಿದ ದತ್ತಕಪತ್ರ. 'ನನಗೆ ಒಂದು ಹೆಣ್ಣುಕೂಸು ಹೊರತು ಗಂಡುಸಂತಾನ ಇಲ್ಲವಾದ್ದರಿಂದ ಸದರಿ ಹುಡುಗನನ್ನು ಮಗನನ್ನಾಗಿ ತೆಗೆದುಕೊಂಡಿರುತ್ತೇನೆ' ಎಂದು ಅದರಲ್ಲಿತ್ತು. ಆ ಸದರಿ ಹುಡುಗನೇ ಕಾಕಾನ ಅಪ್ಪ, ನನ್ನ ಅಜ್ಜ.

ಅಜ್ಜ ದತ್ತಕ ಬಂದವನು ಎಂಬುದು ನಮ್ಮ ಮನೆಯಲ್ಲಿ ಗುಟ್ಟೇನೂ ಆಗಿರಲಿಲ್ಲ. ಗುಟ್ಟು ಮಾಡುವಂಥದ್ದು ಅದರಲ್ಲೇನಿದೆ ಎಂದೇ ಎಲ್ಲರ ತಿಳಿವಳಿಕೆ. ಮಡಿಲಲ್ಲಿ ಹಾಕಿಕೊಂಡ ಮೇಲೆ ಮಗ. ಹೆಳವನೂ ಹಾಗೆಯೇ ಹೇಳುತ್ತಿದ್ದ. ಅರ್ಜಿಯಲ್ಲಿ 'ಒಡಲಿನ ಸಂತಾನ' ಎಂದಿದ್ದ ಸಾಲನ್ನು ನಾನು ತೋರಿಸಿದೆ. "ಅದು ಲಗ್ನಿಲ್ಲದ ಕೂಡಿಕೆಯಿಂದ ಹುಟ್ಟಿದವರಿಗೆ ಅನ್ವಯ ಆಗತದ, ನಮಗಲ್ಲ," ಎಂದು ಕಾಕಾ ಕಾಯಿದೆ ಹೇಳಿದ. ದತ್ತಕಪತ್ರದ ನಕಲನ್ನು ನನ್ನಿಂದ ಎರಡು ಸಲ ಬರೆಸಿ, ಸಿಕ್ಕಾಗಳನ್ನೂ ತಾನೇ ಕೈಯಾರ ಬಿಡಿಸಿ, ಇಂಗ್ಲಿಷಿಗೆ ಇಳಿಸಿ ರಜಿಸ್ಟರ ಮಾಡಿ ಕಳಿಸಿದ. ಇನ್ನು ಆಫ್ರಿಕಾ ಬಾಯಿ ಮುಚ್ಚಿಕೊಂಡಿತು ಎಂದು ಅಂಚೆ ಕಚೇರಿಯಿಂದ ಕೈ ಬೀಸುತ್ತ ಬಂದ.

ಒಂದೂವರೆ ತಿಂಗಳಿಗೆ ಉತ್ತರ ಬಂತು. ತಾವು ಕಳಿಸಿದ ದಸ್ತಾವೇಜು ಅತ್ಯಂತ ಸ್ಪಷ್ಟವಾಗಿದೆ. ಈವರೆಗೆ ಬಂದ ಪುರಾವೆಗಳಲ್ಲೇ ಉತ್ತಮ. ಇದರಿಂದ ತಾವು ವೀರರ ವಂಶಸ್ಥರಲ್ಲ ಎಂದು ನಿಸ್ಸಂದೇಹವಾಗಿ ಸಾಬೀತಾಗುತ್ತದೆ. ಆದರೆ ಇದರಲ್ಲಿ ಒಬ್ಬ ಮಗಳ ಪ್ರಸ್ತಾಪವಿದೆ. ಆಕೆ ಇದ್ದರೆ, ಅಥವಾ ಆಕೆಯ ಮಕ್ಕಳಿದ್ದರೆ, ಅವರ ಅರ್ಜಿಯನ್ನು ತುಂಬಿಸಿ ಕಳಿಸುವ ಕೃಪೆ ಮಾಡಬೇಕು. ಪ್ರತಿ: ಅಧ್ಯಕ್ಷರಿಗೆ.

ನಗುವ ಮಾತಾಗಿ ಈಗ ಬರೆಯುತ್ತಿದ್ದೇನೆ. ಅವತ್ತು ಕಾಕಾನ ಮುಖ ನೋಡಿ ನನಗೆ ನಗು ಬರಲಿಲ್ಲ. ಪತ್ರವನ್ನು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ. ಆಮೇಲೆ ನನ್ನನ್ನು ಕೇಳಿದ, "ಹಂಗಾರ ನಾ ಯಾರು?" ಮೂವತ್ತು ವರ್ಷ ಊರ ಜನರಿಗೆಲ್ಲ ನೀವು ಯಾರು, ಯಾರ ಮಗ, ಯಾವ ಊರು ಎಂದು ಕೇಳಿ ಬರೆದುಕೊಂಡವನಿಗೆ ಈ ಪ್ರಶ್ನೆ ಎಂದೂ ತನ್ನ ಕಡೆಗೆ ತಿರುಗೀತೆಂದು ಗೊತ್ತಿರಲಿಲ್ಲ. ಚಹಾದ ಅಂಗಡಿಗೆ ಹೋಗುವುದನ್ನು ಬಿಟ್ಟ. ಅಧ್ಯಕ್ಷರು ಮುಂದಿನ ಸಭೆಯಲ್ಲಿ, ದೀಪಾವಳಿಯೊಳಗೆ ಸಾಬೀತು ಮಾಡದಿದ್ದರೆ ಕಾರ್ಯದರ್ಶಿಯ ಜಾಗಕ್ಕೆ ಬೇರೆಯವರನ್ನು ನೋಡಬೇಕಾದೀತು ಎಂದರು. ಅಂದು ನೋಡಿ, ಗಿರಣಿಯ ಪಟ್ಟಾ ಹರಿದು ನಿಂತಿತ್ತು. ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

ಐದನೆಯ ದಿನ ಕಾಕಾ ಒಂದು ದಾರಿ ಕಂಡುಕೊಂಡ. ದತ್ತಕ ತೆಗೆದುಕೊಳ್ಳುವವರು ಸಾಮಾನ್ಯವಾಗಿ ಭಾವಕಿಯಿಂದ, ಅಂದರೆ ಅಣ್ಣತಮ್ಮಂದಿರ ಮನೆಗಳಿಂದ ತೆಗೆದುಕೊಳ್ಳುತ್ತಾರೆ. ಅಜ್ಜನೂ ಹಾಗೆ ಬಂದಿದ್ದರೆ ಮುತ್ತಜ್ಜನ ರಕ್ತವೇ ಬೇರೆ ಕಾಲುವೆಯಲ್ಲಿ ಹರಿದು ಬಂದಂತಾಯಿತು, ಆಫ್ರಿಕಾ ಒಪ್ಪಲೇಬೇಕು. ದತ್ತಕಪತ್ರದಲ್ಲಿ ಹುಡುಗನ ಮೂಲದ ಮನೆ ಬರೆದಿದ್ದ ಮೂಲೆಯನ್ನು ಹುಳ ತಿಂದಿತ್ತು. ಅದು ಗೊತ್ತಿದ್ದ ಒಂದೇ ಜೀವ ಉಳಿದಿತ್ತು. ಪತ್ರದಲ್ಲಿ ಹೇಳಿದ್ದ ಆ 'ಹೆಣ್ಣುಕೂಸು'. ಈಗ ಆಕೆಗೆ ಎಂಬತ್ತು ದಾಟಿತ್ತು. ಕಾಕಾನ ಸೋದರತ್ತೆ, ಸವಣೂರ ತಾಲೂಕಿನ ಹತ್ತಿಮತ್ತೂರಿಗೆ ಕೊಟ್ಟಿದ್ದ ಹೆಣ್ಣುಮಗಳು. ನಾನು ಹುಟ್ಟಿದ ಮೇಲೆ ಆ ಅಜ್ಜಿಯನ್ನು ಒಮ್ಮೆಯೋ ಎರಡು ಸಲವೋ ಕಂಡಿದ್ದೆ, ಅದೂ ಎತ್ತಿ ಆಡಿಸುವ ವಯಸ್ಸಿನಲ್ಲಿ.

ಜ್ಯೇಷ್ಠ ಮಾಸದ ಒಂದು ರವಿವಾರ ನಾವಿಬ್ಬರೂ ಹೊರಟೆವು. ಹಾನಗಲ್ಲಿಂದ ಶಿಗ್ಗಾಂವಿಗೆ ಒಂದು ಬಸ್ಸು, ಶಿಗ್ಗಾಂವದಿಂದ ಸವಣೂರಿಗೆ ಇನ್ನೊಂದು. ಸವಣೂರಿನಲ್ಲಿ ಹತ್ತಿಮತ್ತೂರ ಬಸ್ಸು ತಪ್ಪಿತು. ಎಲೆ ವ್ಯಾಪಾರಿ ಸಾಹೇಬರು ತಮ್ಮ ಟಾಂಗಾ ಹೂಡಿಸಿ ಕೊಟ್ಟು, "ತಗೋರಿ ಕಾರಕೂನ ಸಾಹೇಬ್ರ, ನಿಮ್ಮ ಖಾನದಾನ ನಿಮಗ ವಾಪಸ್ ಸಿಗ್ಲಿ," ಎಂದು ಹರಸಿದರು. ಕಾಕಾ ದಾರಿಯುದ್ದಕ್ಕೂ ಸವಣೂರಿನ ಗರಿಗರಿ ಕುರುಕಲಾದ 'ಖಾರ'ದ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, ಕೇಳಬೇಕಾದ ಪ್ರಶ್ನೆಗಳನ್ನು ಅಭ್ಯಾಸ ಮಾಡಿದ.

ಅಜ್ಜಿ ಬಾಗಿಲಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದಳು. ಸಣ್ಣ ಮೈ, ನೆಟ್ಟಗಿನ ಬೆನ್ನು.

"ಯಾರ್ರಿ ಅದು?"

"ನಾನ ಅತ್ತಿ, ಹಾನಗಲ್ಲಿಂದ ಬಂದೇನಿ."

"ಹಾನಗಲ್ಲಿಂದ? ಯಾರು ಸತ್ತಾರ?"

ಯಾರೂ ಸತ್ತಿಲ್ಲವೆಂದು ನಂಬಿಸಲು ಸ್ವಲ್ಪ ಹೊತ್ತು ಬೇಕಾಯಿತು. ಕಾಕಾ ಖಾರದ ಪೊಟ್ಟಣ ಕೊಟ್ಟ. ಅಜ್ಜಿ ತನ್ನ ಬಾಯಿ ತೆರೆದು ಉಳಿದಿದ್ದ ಎರಡು ಹಲ್ಲು ತೋರಿಸಿ ಪೊಟ್ಟಣವನ್ನು ನನ್ನ ಕಡೆಗೆ ಸರಿಸಿದಳು. ನೀರು, ಬೆಲ್ಲ ಬಂತು. ಕಾಕಾ ಗಂಟಲು ಸರಿಮಾಡಿಕೊಂಡು ಕಚೇರಿಯ ದನಿ ತೆಗೆದ.

"ಅತ್ತಿ, ನಮ್ಮಪ್ಪನ್ನ ದತ್ತಕ ತಗೊಂಡದ್ದು ನಮ್ಮ ಭಾವಕಿಯೊಳಗಿಂದ ಹೌದಲ್ಲೋ?"

"ಭಾವಕಿ? ಆ ಹಾಳಾದಾವ್ರ ಕೂಸು ಯಾರಿಗೆ ಬೇಕಾಗಿತ್ತು? ನಮ್ಮ ಹೊಲದ ಮ್ಯಾಲೆ ಕಣ್ಣಿಟ್ಟಾವ್ರ ಮಗ ನನ್ನ ಮಡ್ಲಾಗ ಬ್ಯಾಡ ಅಂದ್ಲು ನಮ್ಮವ್ವ. ಅಕ್ಕಿಆಲೂರಾಗ ಅವ್ವನ ಗೆಳತಿ ಒಬ್ಬಾಕಿ ಇದ್ಲು, ಬಡವಿ. ಆಕಿಗೆ ಐದು ಗಂಡಹುಡುಗ್ರು. ನಾಕನೇದಾವನ್ನ ತಂದ್ರು. ನನಗ ಒಂಬತ್ತು, ಅವಂಗ ಏಳು."

"ಅಂದ್ರ ರಕ್ತಸಂಬಂಧ ಏನೂ…"

"ಯಾತರ ರಕ್ತನೋ? ಬಂದ ದಿನ ಮೂಗಿಂದ ಸುಂಬಳ ಸುರೀತಿತ್ತು. ನಾ ಉಟ್ಟ ಪರಕಾರ ಹಿಡದು ಒರಸಿದೆ."

ಕಾಕಾ ಮನೆಯಿಂದ ಹೊತ್ತು ತಂದಿದ್ದ ಆಸೆ ಒಂದೇ ಮಾತಿಗೆ ಮುಗಿದುಹೋಗಿತ್ತು. ಅವನು ಎದ್ದು ಹೊರಟರೆ ನಾನೇನೂ ಅನ್ನುತ್ತಿರಲಿಲ್ಲ. ಆದರೆ ಕಾರಕೂನನ ರೂಢಿ ದೊಡ್ಡದು. ತನ್ನ ಅರ್ಜಿ ವಜಾ ಆದರೂ ಮ್ಯಾಲಿನವರ ಹುಕುಮು ಪೂರೈಸಬೇಕು. ಚೀಲದಿಂದ ಆಫ್ರಿಕಾದ ಫಾರ್ಮು ತೆಗೆದು ನನ್ನ ಕೈಗಿಟ್ಟು, "ಅತ್ತಿದು ತುಂಬು. ಆಕಿ ಖರೇ ವಂಶದಾಕಿ," ಎಂದ. ಆ 'ಖರೇ' ಎನ್ನುವಾಗ ಅವನ ದನಿ ಸಣ್ಣಗಾಯಿತು.

ಅಜ್ಜಿ ತನ್ನ ತವರಿನ ಹೆಸರು ಹೇಳಿದಳು, ಅಪ್ಪ ಅವ್ವನ ಹೆಸರು ಹೇಳಿದಳು, ಗಲ್ಲಿಗೇರಿದ ಅಜ್ಜನ ಹೆಸರು ಹೇಳಿ ಕೈ ಮುಗಿದಳು. ಗಂಡನ ಹೆಸರಿಗೆ ಬಂದಾಗ ಗಾಡಿ ನಿಂತಿತು.

"ಅವರ ಹೆಸರ ನಾ ಹೆಂಗ ಹೇಳ್ಲಿ? ಓಣಿ ತುದಿಗೆ ಹಿಟ್ಟಿನ ಗಿರಣಿ ಐತಿ. ಗಿರಣಿಯವಂದೂ ಅದ ಹೆಸರ. ಹೋಗಿ ಕೇಳ್ಕೊಂಡ ಬಾ."

ಕಾಕಾ ಹೋದ. ಕೋಟು, ಟೊಪ್ಪಿಗೆ ಹಾಕಿದ ಮನುಷ್ಯ ಬಂದು ನಿನ್ನ ಹೆಸರೇನು ಎಂದರೆ ಯಾವ ಗಿರಣಿಯವನು ನಿಜ ಹೇಳುತ್ತಾನೆ? ಲೈಸನ್ಸ್ ನೋಡಲು ಬಂದ ಸರಕಾರದವನೆಂದು ಹೆದರಿ ಅವನು ತಮ್ಮನ ಹೆಸರು ಹೇಳಿದ. ಕಾಕಾ ಬಂದು ಅದನ್ನು ಬರೆಸಲು ಹೋದಾಗ ಅಜ್ಜಿ ಹಣೆ ಬಡಿದುಕೊಂಡಳು. "ಅದು ಅವನ ತಮ್ಮಂದು! ನನ್ನ ಇಳಿವಯಸ್ಸಿನಾಗ ಯಾರಿಗೋ ಕಟ್ಟಾಕ ಬಂದೀ ಏನು?" ಕಾಕಾ ಮತ್ತೆ ಹೋಗಿ, ಟೊಪ್ಪಿಗೆ ತೆಗೆದು, ಅಜ್ಜಿಯ ಸೋದರಳಿಯ ನಾನೆಂದು ಹೇಳಿ, ಸರಿಯಾದ ಹೆಸರು ತಂದ.

ಕೊನೆಯ ಸಾಲು: ಒಡಹುಟ್ಟಿದವರು ಎಷ್ಟು ಜನ, ದತ್ತಕರನ್ನು ಬಿಟ್ಟು. ನಾನು ಪೆನ್ನು ಎತ್ತಿ ಹಿಡಿದು ಕಾಕಾನನ್ನು ನೋಡಿದೆ. ಅವನು ಗೋಡೆ ನೋಡುತ್ತಿದ್ದ.

"ಇಲ್ಲ ಅಂತ ಬರಿ," ಎಂದ.

ಬರೆದೆ. ಅಜ್ಜಿಯ ಕಣ್ಣು ಮಂಜಾಗಿದ್ದರೂ ಕಿವಿ ಚೆನ್ನಾಗಿತ್ತು. "ಏನಿಲ್ಲ? ಏನ ಬರಿಸಿದಿ?" ಎಂದಳು. ನಾನು ಓದಿ ಹೇಳಿದೆ.

ಶೇಂಗಾದ ಮೊರವನ್ನು ಅಜ್ಜಿ ನೆಲಕ್ಕೆ ಕುಕ್ಕಿದಳು.

"ನನಗ ತಮ್ಮ ಇಲ್ಲ? ವರ್ಷಾ ನಾಗರ ಪಂಚಮಿಗೆ ಹಾನಗಲ್ಲಿಂದ ನಡಕೋತ ಬಂದು ನನ್ನ ತವರಿಗೆ ಕರಕೊಂಡು ಹೋಗಾಂವ ಯಾರಾಗಿದ್ದ? ಚೊಚ್ಚಲ ಬಾಣಂತನ ಮುಗಿಸಿ ಬರುವಾಗ ಹಳ್ಳ ಬಂದಿತ್ತು. ಎದೀ ಮಟ ನೀರು. ತಲಿ ಮ್ಯಾಲೆ ತೊಟ್ಲ ಹೊತ್ತು ದಾಟಿಸಿದಾಂವ ಯಾರು? ಅವರು ತೀರ್ಕೊಂಡಾಗ ನನ್ನ ಮೈದುನರು ಹೊಲಾ ಬರಸ್ಕೊಳ್ಳಾಕ ಬಂದ್ರು. ಈ ಕಟ್ಟಿ ಮ್ಯಾಲೆ ನಿಂತು 'ನಮ್ಮಕ್ಕನ ಹೊಲಕ್ಕ ಕೈ ಹಚ್ಚರಿ, ನೋಡೋಣು' ಅಂದಾಂವ ಯಾರು? ಆಫ್ರಿಕಾದಾವ್ರು ಬಂದಿದ್ರೇನು?"

ಅಜ್ಜಿ ಸೆರಗಿನಿಂದ ಮುಖ ಒರಸಿಕೊಂಡಳು.

"ಅಂವ ಸತ್ತ ಮ್ಯಾಲೆ ಇಪ್ಪತ್ನಾಕು ಪಂಚಮಿ ಹೋದುವು. ಈ ಬಾಗಲದಾಗ ಕುಂತು ನಾ ಎಣಸೇನಿ. ಒಂದಕ್ಕಾದ್ರೂ ಬಂದಿಯೇನು ನೀ?"

"ಕಚೇರಿ ಕೆಲಸ ಇರತಿತ್ತು ಅತ್ತಿ…"

"ಪಂಚಮಿಗೆ ಕಚೇರಿ ಸೂಟಿ ಇರೂದಿಲ್ಲೇನು?"

ಸರಕಾರಿ ಸೂಟಿಗಳ ಪಟ್ಟಿ ಕಾಕಾನಿಗೆ ಬಾಯಿಪಾಠವಿತ್ತು. ಅವನು ತಲೆ ತಗ್ಗಿಸಿದ. ನನಗೂ ನಾಚಿಕೆಯಾಯಿತು. ಹೆಣ್ಣುಮಕ್ಕಳನ್ನು ವಂಶದಿಂದ ಬಿಡುತ್ತಾರೆ ಎಂದು ಎಲ್ಲರ ಮೇಲೆ ಹರಿಹಾಯುತ್ತಿದ್ದವಳು ನಾನು. ನಮ್ಮ ಮನೆಯಿಂದ ಕೊಟ್ಟ ಹೆಣ್ಣುಮಗಳು ಒಬ್ಬಳು ಇಲ್ಲಿದ್ದಾಳೆ, ಹೇಗಿದ್ದಾಳೆ ಎಂದು ನಾನೂ ಒಂದು ದಿನ ಕೇಳಿರಲಿಲ್ಲ. ಅರ್ಜಿ ಬರದಿದ್ದರೆ ಇವತ್ತೂ ಬರುತ್ತಿರಲಿಲ್ಲ.

ಕಾಕಾ ನನ್ನ ಕೈಯಿಂದ ಪೆನ್ನು ತೆಗೆದುಕೊಂಡ. ಸರಕಾರಿ ಕಾಗದದಲ್ಲಿ ಕಾಟು ಹೊಡೆಯುವುದು ಮಹಾಪಾಪವೆಂದು ಬದುಕಿನುದ್ದಕ್ಕೂ ಹೇಳಿದವನು, 'ಇಲ್ಲ' ಎಂಬುದರ ಮೇಲೆ ಅಡ್ಡಗೆರೆ ಎಳೆದು, 'ತಮ್ಮ, ಒಬ್ಬ' ಎಂದು ಬರೆದು, ತನ್ನ ಅಪ್ಪನ ಹೆಸರು ಬರೆದ. ಕಾಟಿನ ಪಕ್ಕ ತನ್ನ ಸಹಿಯನ್ನೂ ಹಾಕಿದ, ನಿಯಮ ನಿಯಮವೇ. ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಶೇಂಗಾ ಹಿಂಡಿ, ರೊಟ್ಟಿ ಕೊಟ್ಟಳು. ಬಾ ಎಂದು ಕಾಕಾನಿಗೆ ಹೇಳಲಿಲ್ಲ. ಬರುತ್ತೇನೆ ಎಂದು ಕಾಕಾನೂ ಹೇಳಲಿಲ್ಲ.

ಟಾಂಗಾ ಸವಣೂರ ಮುಟ್ಟಿತು. ಅಲ್ಲಿ ಇಳಿಯುವಾಗ ಕಾಕಾ ಕೇಳಿದ, "ಈ ಸಲ ಪಂಚಮಿ ಯಾವಾಗ ಬರ್ತದ?"

"ನಿಂಗ ಗೊತ್ತಿಲ್ಲೇನು?" ಎಂದೆ ನಾನು, ಸ್ವಲ್ಪ ಗಡುಸಾಗಿಯೇ. ಅವನಿಗೆ ಗೊತ್ತಿತ್ತು.

ಪಂಚಮಿಗೆ ಮೂರು ದಿನ ಮೊದಲು ಕಾಕಾ ಒಬ್ಬನೇ ಹತ್ತಿಮತ್ತೂರಿಗೆ ಹೋದ. ಇಳಕಲ್ಲ ಸೀರೆ, ಕುಪ್ಪಸದ ಖಣ ಒಯ್ದಿದ್ದ. ಬಣ್ಣ ಆರಿಸುವುದು ತಿಳಿಯದೆ ಶಿಗ್ಗಾಂವದ ಅಂಗಡಿಯಲ್ಲಿ ಅರ್ಧ ದಿನ ಕೂತಿದ್ದನಂತೆ. ಮರುದಿನ ಸಂಜೆಯ ಬಸ್ಸಿಗೆ ಅಜ್ಜಿಯನ್ನು ಕರೆತಂದ. ಎರಡು ಬಸ್ಸು ಬದಲಿಸಿ ಬಂದರೂ ಅಜ್ಜಿಗೆ ದಣಿವಿಲ್ಲ; ದಣಿದವನು ಕಾಕಾ. ಅವಳು ಒಳಗೆ ಬಂದವಳೇ, ಈ ಬಾಗಿಲು ಇಲ್ಲಿರಲಿಲ್ಲ, ಆ ಬೀಸುಕಲ್ಲು ಯಾರು ಸರಿಸಿದರು, ಹಿತ್ತಲ ನುಗ್ಗೆ ಗಿಡ ಏನಾಯಿತು ಎಂದು ಕಾಕುವನ್ನು ವಿಚಾರಣೆ ಮಾಡಿದಳು. ಕಾಕು ಕಟ್ಟುತ್ತಿದ್ದ ಎಳ್ಳುಂಡಿಯನ್ನು ಮುಟ್ಟಿ ನೋಡಿ ಪಾಕ ಎಳೆಯದಾಯಿತು ಎಂದಳು. ಕಾಕು ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ನಾಗಪ್ಪನಿಗೆ ಹಾಲೆರೆಯುವ ಹಿಂದಿನ ದಿನ ಅಂಚೆಯವ ಬಂದ. ಆಫ್ರಿಕಾದ ಪತ್ರ. ಕಾಕಾ ಪಡಸಾಲೆಯ ಕಂಬಕ್ಕೆ ಒರಗಿ ನಿಂತು ಓದಿಕೊಂಡ. ಹೊಸ ಸೀರೆ ಉಟ್ಟು, ಪಂಚಮಿಗೆಂದು ಕಟ್ಟಿದ ಜೋಕಾಲಿಯ ಮಣೆಯ ಮೇಲೆ ಅಜ್ಜಿ ಕೂತಿದ್ದಳು. ಅವನು ಓದಿ ಮುಗಿಸಿ ಪತ್ರವನ್ನು ನನಗೆ ಕೊಟ್ಟ. ಅಜ್ಜಿಯ ಅರ್ಜಿ ಮಂಜೂರಾಗಿತ್ತು. ತಮ್ಮನ ಬಗೆಗಿನ ಸಾಲನ್ನು ಅರ್ಜಿದಾರಳ ಹೇಳಿಕೆಯಾಗಿ ಉಳಿಸಿಕೊಳ್ಳಲಾಗಿದೆ. ಆದರೆ ಅದರ ಆಧಾರದ ಮೇಲೆ ಕಾರ್ಯದರ್ಶಿಗಳಾದ ತಮ್ಮನ್ನು ವಂಶಸ್ಥರೆಂದು ದಾಖಲಿಸಲು ನಿಯಮದಲ್ಲಿ ಅವಕಾಶವಿಲ್ಲ, ಈ ನಿರ್ಣಯ ಅಂತಿಮ. ಟೈಪು ಮುಗಿದ ಮೇಲೆ, ಅಡಿಯಲ್ಲಿ, ಶಾಯಿಯಲ್ಲಿ ಒಂದು ಸಾಲು ಕನ್ನಡ ಇತ್ತು. ಸಮಿತಿಯ ಆ ಕಾರ್ಯದರ್ಶಿಯ ಅಕ್ಷರವನ್ನು ನಾವು ಕಂಡದ್ದು ಅದೇ ಮೊದಲು. 'ಅಲ್ಲಿ ಈಗ ಉಂಡಿ ಕಟ್ಟುತ್ತಿರಬಹುದು. ಇಲ್ಲಿ ಪಂಚಮಿ ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ.' ಅವಳನ್ನು ನೆನೆದು ನನಗೆ ಬಹಳ ಕೆಡುಕೆನಿಸಿತು.

"ಏನಂತಾರ ಆಫ್ರಿಕಾದಾವ್ರು?" ಎಂದಳು ಅಜ್ಜಿ.

"ನೀ ಈ ಮನಿ ವಂಶದಾಕಿ ಹೌದಂತ ಅತ್ತಿ," ಎಂದ ಕಾಕಾ. ಅಂಗಳದ ಕಡೆ ನೋಡುತ್ತ, "ನಾ ಅಲ್ಲಂತ," ಎಂದ.

ಅಜ್ಜಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ನೀ ಅಲ್ಲ? ಹಂಗಾರ ನಾ ಪಂಚಮಿಗೆ ಯಾರ ಮನಿಗೆ ಬಂದು ಕುಂತೇನಿ?"

ಕಾಕಾ ಒಳಗೆ ಹೋಗಿ ಉಂಡಿಯ ಡಬ್ಬಿಯನ್ನೇ ಎತ್ತಿ ತಂದು ಅವಳ ಮಡಿಲಲ್ಲಿಟ್ಟ, ಮತ್ತೆ ಜೋಕಾಲಿಯ ಹಗ್ಗ ಹಿಡಿದು ಮೆಲ್ಲಗೆ ತೂಗತೊಡಗಿದ.